ಹದಿನೇಳಿಪ್ಪತ್ಲ ಮುನ್ನೂರ ನಲವತ್ತು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಜರಿ ಕಡ್ಡಿಗಳನ್ನು ಜೋಡಿಸುತ್ತಿದ್ದದ್ದು ಮೊರದಲ್ಲಿ ಎಂದು ನನ್ನ ನೆನಪು; ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಎನ್ನುತ್ತಾಳೆ ಅತ್ತೆಯ ಮಗಳು. ಆ ವಾರ ಮಳೆ ಬಂದಿತ್ತೋ ಇಲ್ಲವೋ ಗೊತ್ತಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಮೈಸೂರಿನಲ್ಲಿ ಎಂ.ಎ. ಓದುವಾಗ. ಇದು ಅದಕ್ಕೂ ಹತ್ತು ಹನ್ನೆರಡು ವರ್ಷ ಹಿಂದಿನದು, ನಾನು ಐದನೇ ಕ್ಲಾಸಿನಲ್ಲಿದ್ದಾಗ ನಡೆದದ್ದು. ಇತಿಹಾಸ ಓದಿದವಳು ನಾನು. ಒಬ್ಬರೇ ಸಾಕ್ಷಿ ಇರುವ ಘಟನೆಯನ್ನು ಸುಲಭವಾಗಿ ನಂಬಬಾರದೆಂದು ಬಲ್ಲೆ, ಅದರಲ್ಲೂ ಆ ಸಾಕ್ಷಿ ನಾನೇ ಆಗಿರುವಾಗ. ಆದರೂ ಒಂದು ವಿಷಯದಲ್ಲಿ ಮಾತ್ರ ಯಾರು ಏನೇ ಹೇಳಿದರೂ ಬಿಟ್ಟುಕೊಡುವುದಿಲ್ಲ. ಒಂದು ಶನಿವಾರ, ಇಡೀ ಶಾಲೆಯ ಎದುರು ನಿಂತು ನಾನು ಹದಿನೇಳರ ಮಗ್ಗಿ ಹೇಳಿಸಿದೆ, ಮತ್ತು ನನ್ನ ಕೈಯಾರೆ ಗಂಟೆ ಹೊಡೆದೆ.

ಆಗ ನಾನಿದ್ದದ್ದು ಕೊಳ್ಳೇಗಾಲದಲ್ಲಿ, ಅಪ್ಪನ ಅಕ್ಕನ ಮನೆಯಲ್ಲಿ. ಅಪ್ಪನಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಅರಣ್ಯ ಇಲಾಖೆಯ ಕೆಲಸ. ಅವ್ವ ಅಲ್ಲೇ ಜೊತೆಗಿದ್ದಳು. ನನ್ನನ್ನು ಓದಿಗೆಂದು ಅತ್ತೆಯ ಬಳಿ ಬಿಟ್ಟಿದ್ದರು. ಅತ್ತೆ ರೇಷ್ಮೆ ಸೀರೆ ನೇಯುತ್ತಿದ್ದಳು. ನಡುಮನೆಯ ಅರ್ಧ ಮಗ್ಗಕ್ಕೇ ಹೋಗಿತ್ತು. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವಳು ಕೂತರೆ, ನಾವು ಮಕ್ಕಳು ಅಡುಗೆಮನೆಗೆ ಹೋಗಬೇಕಾದರೂ ಗೋಡೆಗೆ ಒರಗಿ ಅಡ್ಡಡ್ಡಲಾಗಿ ನಡೆಯಬೇಕಿತ್ತು.

ಶಾಲೆ ಬಿಟ್ಟು ಬಂದಮೇಲೆ ನನ್ನ ಕೆಲಸ ಜರಿ ಕಡ್ಡಿ ಸುತ್ತುವುದು, ಅಂದರೆ ಸಣ್ಣ ಸಣ್ಣ ಕಡ್ಡಿಗಳಿಗೆ ಜರಿಯ ಎಳೆ ಸುತ್ತಿಡುವುದು. ಸೀರೆಯ ಒಡಲಲ್ಲಿ ಅಲ್ಲಲ್ಲಿ ಬರುವ ಸಣ್ಣ ಜರಿ ಹೂವಿಗೆ ಬುಟ್ಟಾ ಎನ್ನುತ್ತಾರೆ. ಒಂದು ಬುಟ್ಟಾಕ್ಕೆ ಒಂದು ಕಡ್ಡಿಯಷ್ಟು ಜರಿ. ಅಳತೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬುಟ್ಟಾಗಳು ಒಂದರ ನೇರಕ್ಕೆ ಒಂದು ಬರಬಾರದು. ಒಂದು ಸಾಲಿನಲ್ಲಿ ಒಂಬತ್ತು ಬಂದರೆ, ಮುಂದಿನ ಸಾಲಿನಲ್ಲಿ ಅವುಗಳ ನಡುನಡುವೆ ಎಂಟು ಬರಬೇಕು. ಯಾಕೆ ಎಂದು ಕೇಳಿದ್ದಕ್ಕೆ ಅತ್ತೆ, "ಒಂದ್ರ ಕೆಳಗೊಂದು ಬಂದ್ರೆ ಸೀರೆ ಜೈಲಿನ ಕಂಬಿ ಇದ್ದಂಗಿರ್ತದೆ. ಉಟ್ಕೊಂಡೋಳು ಒಳಗಿರೋ ಕೈದಿ," ಎಂದಿದ್ದಳು. ಹಾಗಾಗಿ ನಾನು ಕಡ್ಡಿಗಳನ್ನು ಒಂಬತ್ತು ಒಂದು ಸಾಲು, ಎಂಟು ಒಂದು ಸಾಲು ಎಂದು ಜೋಡಿಸಿ ಅವಳ ಬಲಗೈ ಹತ್ತಿರ ಇಡುತ್ತಿದ್ದೆ. ಇಡುತ್ತಾ ಕೂಡಿಸಿಕೊಂಡು ಹೋಗುತ್ತಿದ್ದೆ: ಒಂಬತ್ತು, ಹದಿನೇಳು, ಇಪ್ಪತ್ತಾರು, ಮೂವತ್ತನಾಲ್ಕು, ನಲವತ್ತಮೂರು, ಐವತ್ತೊಂದು. ಪೂರ್ತಿ ಸೀರೆಗೆ ನಲವತ್ತು ಸಾಲು.

ಇನ್ನು ಶಾಲೆಯ ಪದ್ಧತಿ. ಕೊನೆಯ ಪೀರಿಯಡ್ ಮುಗಿದ ಮೇಲೆ ಒಂದರಿಂದ ಏಳನೇ ಕ್ಲಾಸಿನವರೆಗೂ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಒಬ್ಬರು ಜಗಲಿಯ ಮೇಲೆ ನಿಂತು ಮಗ್ಗಿ ಹೇಳಿಸಬೇಕು. ಅವರು ಒಂದು ಸಾಲು ಹೇಳಿದರೆ ಕೆಳಗಿನವರೆಲ್ಲ ಅದನ್ನೇ ಕೂಗಬೇಕು. ತಪ್ಪಿಲ್ಲದೆ ಹತ್ತರವರೆಗೂ ಹೇಳಿಸಿದವರು ಬೇವಿನ ಮರಕ್ಕೆ ನೇತುಹಾಕಿದ್ದ ಕಂಬಿಯ ತುಂಡಿಗೆ ತಾವೇ ಬಡಿದು ಶಾಲೆ ಬಿಡಿಸಬಹುದು. ಆ ಗಂಟೆ ಹೊಡೆಯುವುದಕ್ಕಿಂತ ದೊಡ್ಡ ಮರ್ಯಾದೆ ನಮಗೆ ಇನ್ನೊಂದಿರಲಿಲ್ಲ. ಏಳನೇ ಕ್ಲಾಸಿನಲ್ಲಿದ್ದ ಅತ್ತೆಯ ಮಗಳು ಅದನ್ನು ಎಷ್ಟು ಸಲ ಹೊಡೆದಿದ್ದಳೆಂದರೆ, ಅವಳ ಹೊಡೆತದ ಸದ್ದನ್ನು ಮನೆಯಲ್ಲಿ ಕೂತ ಅತ್ತೆ ಗುರುತು ಹಿಡಿಯುತ್ತಿದ್ದಳು.

ಐದನೇ ಕ್ಲಾಸಿನವರಿಗೆ ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಬರುತ್ತಿತ್ತು. ನನ್ನ ಸರದಿಗೆ ಬಂದದ್ದು ಹದಿನೇಳು. ಗೆಳತಿಯರೆಲ್ಲ ಅಯ್ಯೋ ಎಂದರು. ಹದಿನೇಳು, ಹತ್ತೊಂಬತ್ತು ಎಂದರೆ ಎಲ್ಲರಿಗೂ ಭಯ. ಅದರಲ್ಲಿ ಐದರ ಮಗ್ಗಿಯ ಹಾಗೆ ಹಿಡಿದುಕೊಂಡು ಹೋಗಲು ಏನೂ ಸಿಗುವುದಿಲ್ಲ. ನಾನು ಮಾತ್ರ ಒಳಗೊಳಗೇ ನಕ್ಕೆ. ದಿನಾ ಸಂಜೆ ನನ್ನ ಕೈಯಲ್ಲೇ ಓಡಾಡುವ ಲೆಕ್ಕ ಅದು. ಮಗ್ಗಿ ಪುಸ್ತಕ ತೆಗೆದೂ ನೋಡಲಿಲ್ಲ.

ಜಗಲಿ ಹತ್ತಿ ನಿಂತೆ. ಗಂಟಲು ಸರಿ ಮಾಡಿಕೊಂಡೆ. ಕೈಗಳು ತಾವಾಗಿಯೇ ಕಡ್ಡಿ ಜೋಡಿಸುವ ಹಾಗೆ ಅಲ್ಲಾಡಿದವು.

"ಹದಿನೇಳೊಂದ್ಲ ಒಂಬತ್ತು," ಎಂದೆ.

ಅಂಗಳದಲ್ಲಿದ್ದವರು ಹೇಳಿದ್ದನ್ನು ತಿರುಗಿ ಕೂಗುವುದಷ್ಟೇ ಬಲ್ಲವರು. "ಹದಿನೇಳೊಂದ್ಲ ಒಂಬತ್ತೂ!" ಎಂದು ಕೂಗಿದರು. ನನಗೆ ಇನ್ನೂ ಧೈರ್ಯ ಬಂತು.

"ಹದಿನೇಳೆರಡ್ಲ ಹದಿನೇಳು!"

"ಹದಿನೇಳೆರಡ್ಲ ಹದಿನೇಳೂ!" ಎಂದವು ಒಂದನೇ ಕ್ಲಾಸಿನ ಪುಟ್ಟ ಮಕ್ಕಳು, ಎಲ್ಲರಿಗಿಂತ ಜೋರಾಗಿ.

"ಹದಿನೇಳ್ಮೂರ್ಲ ಇಪ್ಪತ್ತಾರು!"

ಅಷ್ಟರಲ್ಲಿ ಹಿಂದಿನ ಸಾಲಿನ ದೊಡ್ಡವರು ಕೂಗುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡಿದ್ದರು. ಮೇಷ್ಟ್ರು ಹಣೆ ಒತ್ತಿಕೊಂಡು, "ನಿಲ್ಸಮ್ಮ ತಾಯಿ, ಇನ್ನೊಂದ್ ಸಾಲು ಏಳುದ್ರೆ ಈ ಚಿಕ್ಕವು ಅದನ್ನೇ ಕಲ್ತುಬುಡ್ತವೆ. ಆಮೇಕೆ ಬುಡ್ಸೋರು ಯಾರು?" ಎಂದರು.

ಮೇಷ್ಟ್ರು ಕೆಟ್ಟವರಲ್ಲ, ಹೊಡೆಯುತ್ತಿರಲಿಲ್ಲ. ಆದರೆ ಅವತ್ತು ಅವರು ಹೇಳಿದ ಮಾತು ಹೊಡೆತಕ್ಕಿಂತ ಜೋರಾಗಿತ್ತು. "ಬರೋ ಶನಿವಾರ ಇದೇ ಜಗಲಿ, ಇದೇ ಹದಿನೇಳು. ಏಳುದ್ಯಾ, ಸರಿ. ಇಲ್ದಿದ್ರೆ ಲೆಕ್ಕದ ಪೀರಿಯಡ್ನಲ್ಲಿ ನಾಲ್ಕನೇ ಕ್ಲಾಸಿನೋರ ಜೊತೇಲಿ ಕೂತ್ಕ. ವರ್ಷ ಪೂರ್ತಿ." ಅದರ ಜೊತೆಗೆ ನನಗೊಂದು ಹೆಸರೂ ಅಂಟಿತು. ನೀರಿನ ಟ್ಯಾಂಕ್ ಹತ್ತಿರ, ಬಾಗಿಲ ಹತ್ತಿರ, ಎಲ್ಲೆಲ್ಲೂ, "ಲೇ ಇಪ್ಪತ್ತಾರು, ವಸಿ ಜರುಗೇ!"

ಮನೆಗೆ ಬಂದು ಕಡ್ಡಿಯನ್ನೂ ಮುಟ್ಟದೆ ಮೂಲೆಯಲ್ಲಿ ಕೂತೆ. ಅತ್ತೆಯ ಮಗಳು ನನಗಿಂತ ಮೊದಲೇ ಬಂದು ವರದಿ ಒಪ್ಪಿಸಿದ್ದಳು. ಅತ್ತೆ ಕೇಳಿಸಿಕೊಂಡು, ಮಗ್ಗ ನಿಲ್ಲಿಸದೆಯೇ ಕೇಳಿದಳು: "ಒಂಬತ್ತಾ ಅಂದೆ? ಯಾವ ಒಂಬತ್ತು?"

"ಮೊದಲ್ನೇ ಸಾಲಿನ ಒಂಬತ್ತು."

"ಆ ಒಂಬತ್ತು ನಮ್ಮನೇದಲ್ವಾ ಕೂಸು. ಅದುನ್ನ ಯಾಕೆ ಇಸ್ಕೂಲಿಗೆ ತಕಂಡೋಗಿದ್ದೆ?"

ಅತ್ತೆಯ ಮಗಳು ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. ಮಗ್ಗ ನಿಲ್ಲಿಸಿದಳು. ಬಟ್ಟೆ ಅರ್ಧ ಸಾಲಿನಲ್ಲಿರುವಾಗ ಅವಳು ಎಂದೂ ಕೈ ತೆಗೆಯುತ್ತಿರಲಿಲ್ಲ, ಅದಕ್ಕೇ ನನಗೆ ಇದು ನೆನಪಿದೆ ಎಂದುಕೊಂಡಿದ್ದೇನೆ. "ನೋಡಮ್ಮಿ," ಎಂದಳು, "ನಿನ್ ಲೆಕ್ಕ ತಪ್ಪಿಲ್ಲ. ನಿಲ್ಲೋ ಜಾಗ ತಪ್ಪು. ಒಂಬತ್ತು ಇಟ್ಟಾಗ ಒಳಿಕ್ಕೆ ನುಂಗ್ಬುಡು, ಉಸ್ರು ತಕ. ಎಂಟು ಇಟ್ಮೇಲೆ ಬಾಯಿ ಬುಡು. ಅಷ್ಟೇಯ."

ಆಮೇಲೆ ಇನ್ನೊಂದು ಮಾತು ಹೇಳಿದಳು. ಈ ಬರಹದಲ್ಲಿ ನನಗೆ ಬೇಕಾಗಿರುವುದು ಆ ಮಾತು.

"ನಂಗೂ ಏಳ್ಕೊಡು. ನಾನೇನು ಇಸ್ಕೂಲು ಕಂಡೋಳಾ? ನನ್ ಮಗ್ಳು ಗಂಟೆ ಒಡ್ದಾಗೆಲ್ಲ ಇದೇನೋ ದೊಡ್ ವಿದ್ಯೆ ಅನ್ಕತೀನಿ. ಒಂದಾದ್ರೂ ಮಗ್ಗಿ ಬರ್ಲಿ ನಂಗೂ."

ಹೀಗೆ ನಾನು ಆ ವಾರ ಶಿಷ್ಯೆಯಿಂದ ಮೇಡಂ ಆದೆ.

ಪಾಠ ನಡೆದದ್ದು ಮಗ್ಗದ ಮೇಲೆ. ಲಾಳಿ ಎಡದಿಂದ ಬಲಕ್ಕೆ ಓಡಿದಾಗ ನಾವಿಬ್ಬರೂ ಒಂಬತ್ತನ್ನು ನುಂಗುತ್ತಿದ್ದೆವು. ಬಲದಿಂದ ಎಡಕ್ಕೆ ವಾಪಸ್ಸು ಬಂದಾಗ ಬಾಯಿಬಿಡುತ್ತಿದ್ದೆವು. ಟಕ್, ಮೌನ. ಟಕ್, ಹದಿನೇಳು. ಟಕ್, ಮೌನ. ಟಕ್, ಮೂವತ್ತನಾಲ್ಕು. ನಾನು ಮೊದಲು ಹೇಳುತ್ತಿದ್ದೆ, ಅತ್ತೆ ನನ್ನ ಹಿಂದೆ ಹೇಳುತ್ತಿದ್ದಳು. ಎರಡನೇ ದಿನ ಅವಳೇ ಹೇಳುತ್ತೇನೆಂದಳು. ನೂರ ಎರಡರವರೆಗೂ ಚೆನ್ನಾಗಿ ಬಂದು, "ಅದಿನೇಳ್ ಏಳ್ಲ ನೂರಾ ಅದಿನೇಳು," ಎಂದಳು.

"ಅಲ್ಲತ್ತೆ! ನೂರಾ ಅತ್ತೊಂಬತ್ತು!"

"ಅದೆಂಗೆ?"

"ನೂರಾ ಎರಡಕ್ಕೆ ಒಂಬತ್ತು ನುಂಗು. ನೂರಾ ಅನ್ನೊಂದು. ಅದಕ್ಕೆ ಎಂಟು ಇಡು."

"ಓ, ಔದಲ್ವಾ!" ಎಂದು ಹಣೆ ಚಚ್ಚಿಕೊಂಡಳು. "ಮೇಡಮ್ಮೋರು ಭಾರಿ ಸ್ಟ್ರಿಕ್ಟು ಕಣಪ್ಪಾ."

ಹದಿಮೂರನೆಯದಕ್ಕೂ ಅವಳು ತಪ್ಪಿದಳು. ಶಾಲೆಯಲ್ಲಿ ಹತ್ತಕ್ಕೇ ನಿಲ್ಲಿಸುತ್ತಾರೆ ಎಂದು ನಾನು ಹೇಳಿದರೂ ಅವಳು ಕೇಳಲಿಲ್ಲ. "ಅತ್ತಕ್ಕೆ ನಿಲ್ಸುದ್ರೆ ಅರ್ಧ ಸೀರೆ. ಅರ್ಧ ಸೀರೆ ಯಾರ್ ಉಟ್ಕತಾರೆ? ಇಪ್ಪತ್ತರ್ಗೂ ಏಳು," ಎಂದಳು. ಅವಳ ತಪ್ಪು ತಿದ್ದುವುದು ಎಷ್ಟು ಖುಷಿಯ ಕೆಲಸವಾಗಿತ್ತೆಂದರೆ, ನಾನು ಶಾಲೆಯಲ್ಲಿ ಕೂತಿದ್ದಾಗಲೂ ಅವಳಿಗೆ ಸಂಜೆ ಏನು ಕೇಳಬೇಕೆಂದು ಯೋಚಿಸುತ್ತಿದ್ದೆ. ಅವಳಿಗೆ ಹೇಳಿಕೊಡಬೇಕಾದರೆ ನನಗೆ ತಪ್ಪಬಾರದಲ್ಲ! ಬೆಳಿಗ್ಗೆ ಹಲ್ಲುಜ್ಜುವಾಗ, ನೀರು ಹಿಡಿಯುವಾಗ, ಜಡೆ ಹೆಣೆಯುವಾಗ ನನ್ನಷ್ಟಕ್ಕೆ ನಾನೇ ಗುನುಗುತ್ತಿದ್ದೆ.

ನಡುವೆ ಭಾನುವಾರ ಅತ್ತೆ ನನ್ನನ್ನು ಬೆಟ್ಟಕ್ಕೆ ಅಪ್ಪ ಅವ್ವನನ್ನು ನೋಡಲು ಕರೆದುಕೊಂಡು ಹೋದಳು. ಯಳಂದೂರಿನಲ್ಲಿ ಬಸ್ಸು ಬದಲಿಸಿ, ಬೆಟ್ಟದ ರಸ್ತೆ ಹಿಡಿದ ಮೇಲೆ ತಿರುವುಗಳು ಶುರುವಾದವು. ಬಸ್ಸು ಎಡಕ್ಕೆ ವಾಲಿದರೆ ನುಂಗುವುದು, ಬಲಕ್ಕೆ ವಾಲಿದರೆ ಹೇಳುವುದು ಎಂದು ನಾವು ಆಟ ಕಟ್ಟಿಕೊಂಡೆವು. ಡ್ರೈವರ್ ಯಾವ ಕಡೆ ತಿರುಗಿಸುತ್ತಾನೋ ತಿಳಿಯದೆ ಎರಡು ಎಡ ಒಟ್ಟಿಗೇ ಬಂದರೆ ನನ್ನ ಉಸಿರು ಕಟ್ಟುತ್ತಿತ್ತು. ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿ ಅತ್ತೆಯನ್ನು ಕೇಳಿದಳು: "ಏನವ್ವಾ, ಕೂಸು ಏನೋ ಮಂತ್ರ ಏಳ್ತಾ ಕೂತದೆ? ಅರಕೆಯಾ?"

"ಊಂ ಕಣವ್ವಾ," ಎಂದಳು ಅತ್ತೆ. "ಶನಿವಾರಕ್ಕೆ ತೀರ್ತದೆ."

ಮುದುಕಿ ಕೈ ಮುಗಿದು, "ಒಳ್ಳೇದಾಗ್ಲಿ ಮಗ," ಎಂದಳು. ಅಪ್ಪನಿಗೆ ಇದನ್ನು ಹೇಳಿ ಅತ್ತೆ ನಗಿಸಿದ್ದಳು ಎಂದು ನೆನಪು. ಅಥವಾ ಹೇಳಿದ್ದು ನಾನೇ ಇರಬಹುದು.

ಶನಿವಾರ ಬೆಳಗಿನ ಶಾಲೆ. ಹೊರಡುವಾಗ ಅತ್ತೆಯ ಮಗಳು, "ನಾನು ಮುಂದ್ಗಡೇನೆ ನಿಂತಿರ್ತೀನಿ. ಮರ್ತೋದ್ರೆ ನನ್ ಮುಖ ಮಾತ್ರ ನೋಡ್ಬೇಡ ಕಣೆ, ನಂಗೆ ನಗು ತಡಿಯಕಾಗಲ್ಲ," ಎಂದಳು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅತ್ತೆ ಲಾಳಿಯನ್ನು ಒಂದು ಸಲ ಎಡದಿಂದ ಬಲಕ್ಕೆ ಓಡಿಸಿ, ನನ್ನ ಮುಖ ನೋಡಿ, ಬಾಯಿ ಮುಚ್ಚಿಕೊಂಡು ನುಂಗಿದಂತೆ ಮಾಡಿದಳು.

ಜಗಲಿ ಹತ್ತಿದೆ. ಯಾರೋ ಹಿಂದಿನಿಂದ, "ಇಪ್ಪತ್ತಾರೂ," ಎಂದು ರಾಗ ಎಳೆದರು. ನಾಲ್ಕನೇ ಕ್ಲಾಸಿನವರ ಸಾಲು ನನ್ನ ಎದುರಿಗೇ ಇತ್ತು. ಸೋತರೆ ಸೋಮವಾರದಿಂದ ಇವರ ನಡುವೆ ಕೂರಬೇಕು. ಕಣ್ಣು ಮುಚ್ಚಿದೆ. ಟಕ್. ಒಂಬತ್ತನ್ನು ನುಂಗಿ ಉಸಿರು ತೆಗೆದುಕೊಂಡೆ.

"ಹದಿನೇಳೊಂದ್ಲ ಹದಿನೇಳು!"

ಅಂಗಳ ಕೂಗಿತು. ಅವರು ಕೂಗುವಷ್ಟು ಹೊತ್ತು ನನಗೆ ಮುಂದಿನ ಒಂಬತ್ತನ್ನು ನುಂಗಲು ಸಮಯ ಸಿಗುತ್ತಿತ್ತು. ಅದು ನನಗೆ ಅಲ್ಲಿ ನಿಂತಮೇಲೆ ಹೊಳೆಯಿತು. ಇಡೀ ಶಾಲೆಯೇ ನನ್ನ ಲಾಳಿ! ಅವರ ದನಿ ಆ ಕಡೆ ಹೋಗುತ್ತದೆ, ನನ್ನ ದನಿ ಈ ಕಡೆ ಬರುತ್ತದೆ. ಮೂವತ್ತನಾಲ್ಕು. ಐವತ್ತೊಂದು. ಅರವತ್ತೆಂಟು. ಎಂಬತ್ತೈದು. ನೂರ ಎರಡು. ಏಳಕ್ಕೆ ಬಂದಾಗ ಅತ್ತೆ ಹಣೆ ಚಚ್ಚಿಕೊಂಡದ್ದು ನೆನಪಾಗಿ ಜೋರಾಗಿಯೇ ಹೇಳಿದೆ, ನೂರ ಹತ್ತೊಂಬತ್ತು! ನೂರ ಮೂವತ್ತಾರು. ನೂರ ಐವತ್ತಮೂರು.

"ಹದಿನೇಳ್ ಹತ್ಲ ನೂರ ಎಪ್ಪತ್ತು!"

ಅಲ್ಲಿಗೆ ಮುಗಿಯಬೇಕಿತ್ತು. ಮೇಷ್ಟ್ರು ಗಂಟೆಯ ಕಡೆ ಕೈ ತೋರಿಸಿದರು. ಮಕ್ಕಳು ಚೀಲ ಹೆಗಲಿಗೆ ಏರಿಸಿದರು. ನನಗೆ ಮಾತ್ರ ಕಣ್ಣ ಮುಂದೆ ಅರ್ಧ ಸೀರೆ ನಿಂತಿತ್ತು.

"ಹದಿನೇಳ್ ಹನ್ನೊಂದ್ಲ ನೂರ ಎಂಬತ್ತೇಳು!"

ಒಂದು ಕ್ಷಣ ಯಾರೂ ಕೂಗಲಿಲ್ಲ. ಹನ್ನೊಂದ್ಲ ಎಂಬುದು ನಮ್ಮ ಮಗ್ಗಿ ಪುಸ್ತಕದಲ್ಲೇ ಇರಲಿಲ್ಲ. ಆಮೇಲೆ ಆ ಒಂದನೇ ಕ್ಲಾಸಿನ ಪುಟ್ಟವು ಕೂಗಿದವು, ಅವಕ್ಕೆ ಯಾವುದು ಇದೆ ಯಾವುದು ಇಲ್ಲ ಎಂದು ಎಲ್ಲಿ ಗೊತ್ತು. ಅವುಗಳ ಹಿಂದೆ ಎಲ್ಲರೂ ಕೂಗಿದರು. ಇನ್ನೂರ ನಾಲ್ಕು. ಇನ್ನೂರ ಇಪ್ಪತ್ತೊಂದು. ಮೇಷ್ಟ್ರು ಮೊದಲು ಬೆರಳು ಮಡಚಿ ಲೆಕ್ಕ ನೋಡುತ್ತಿದ್ದರು, ಆಮೇಲೆ ಬಿಟ್ಟರು. ಇನ್ನೂರ ಐವತ್ತೈದರ ಹೊತ್ತಿಗೆ ಹಿಂದಿನ ಸಾಲಿನ ದೊಡ್ಡವರು ಕಾಲಿನಿಂದ ನೆಲ ಬಡಿಯುತ್ತಾ ಕೂಗುತ್ತಿದ್ದರು. ಶಾಲೆಯ ಗೇಟಿನ ಹತ್ತಿರ ದಾರಿಹೋಕರು ನಿಂತಿದ್ದರು. ಮುನ್ನೂರ ಆರು. ಮುನ್ನೂರ ಇಪ್ಪತ್ತಮೂರು. ಕೊನೆಯ ಒಂಬತ್ತನ್ನು ನುಂಗಿದೆ.

"ಹದಿನೇಳಿಪ್ಪತ್ಲ ಮುನ್ನೂರ ನಲವತ್ತು!"

ಜಗಲಿಯಿಂದ ಹಾರಿ ಬೇವಿನ ಮರದ ಹತ್ತಿರ ಓಡಿ ಕಂಬಿಗೆ ಬಡಿದೆ. ಎಷ್ಟು ಸಲ ಬಡಿದೆನೋ ಗೊತ್ತಿಲ್ಲ. "ಸಾಕು ಬುಡಮ್ಮ, ಕಂಬಿ ಬಿದ್ದೋದಾತು," ಎಂದು ಮೇಷ್ಟ್ರು ನಕ್ಕದ್ದು ಮಾತ್ರ ಕಿವಿಯಲ್ಲಿದೆ.

ಅತ್ತೆಯ ಮಗಳು ಇವತ್ತಿಗೂ ಇದನ್ನು ಒಪ್ಪುವುದಿಲ್ಲ. "ಇನ್ನೂರಾ ಐವತ್ತೈದಕ್ಕೇ ಮೇಷ್ಟ್ರು ನಿಲ್ಸುದ್ರು. ನಂಗೆ ಒಟ್ಟೆ ಅಸೀತಿತ್ತು, ಅದುಕ್ಕೇ ಗ್ಯಾಪ್ಕ ಅದೆ," ಎನ್ನುತ್ತಾಳೆ. ಅವಳ ಹಸಿವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಗೆ ಓಡಿಬಂದಾಗ ನಡೆದ ಮಾತು ನನ್ನ ಬಳಿ ಇದೆ.

"ಆಯ್ತಾ?" ಎಂದಳು ಅತ್ತೆ.

"ಆಯ್ತು!"

"ಎಲ್ಲಿಗಂಟ?"

"ಮುನ್ನೂರಾ ನಲವತ್ತು!"

"ಅಂಗಾರೆ ಸೀರೆ ಮುಗೀತು. ಕೈ ತೊಳ್ಕ ಬಾ. ಉಂಡು ಸೆರಗಿನ ಕಡ್ಡಿ ಸುತ್ತೀವಂತೆ," ಎಂದಳು. ಅವಳ ಮುಖ ಇಷ್ಟಗಲ ಆಗಿತ್ತು. ಸೋಮವಾರ ನಾನು ಐದನೇ ಕ್ಲಾಸಿನಲ್ಲೇ, ಮೊದಲ ಸಾಲಿನಲ್ಲಿ ಕೂತೆ.

ಈಗ ನಾನು ಹನೂರಿನ ಕಡೆ, ಶಾಗ್ಯದ ಆಸುಪಾಸಿನ ಊರೊಂದರಲ್ಲಿ ಟೀಚರ್. ಪ್ರತಿ ವರ್ಷ ಹದಿನೇಳರ ಮಗ್ಗಿ ಬಂದಾಗ ಈ ಕತೆ ಹೇಳುತ್ತೇನೆ. ಹುಣಸೆ ಬೀಜವನ್ನು ಒಂಬತ್ತು, ಎಂಟು ಎಂದು ಸಾಲಿಡಿಸುತ್ತೇನೆ, ನುಂಗಿಸುತ್ತೇನೆ, ಬಾಯಿಬಿಡಿಸುತ್ತೇನೆ. ಕೊನೆಗೆ, "ನಾನು ನನ್ನ ಅತ್ತೆಗೆ ಕಲಿಸಿದೆ, ಕಲಿಸುತ್ತಾ ಕಲಿಸುತ್ತಾ ನನಗೇ ಬಂದುಬಿಟ್ಟಿತು," ಎಂದು ಹೆಮ್ಮೆಯಿಂದ ಮುಗಿಸುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹೋದ ತಿಂಗಳು ಮಾತ್ರ ಒಬ್ಬಳು ತಟ್ಟಲಿಲ್ಲ. ಕೈ ಎತ್ತಿ ಕೇಳಿದಳು: "ಮಿಸ್, ನಿಮ್ಮತ್ತೆ ಅದುಕ್ ಮೊದ್ಲೂ ಸೀರೆ ನೇಯ್ತಿದ್ರಾ?"

"ಹೂಂ, ನಾನು ಹುಟ್ಟುವುದಕ್ಕೂ ಮೊದಲಿಂದ."

"ಅಂಗಾದ್ರೆ ಅವ್ರಿಗೆ ಬತ್ತಿರ್ನಿಲ್ವಾ?"

ನಾನು ಬೋರ್ಡಿನ ಕಡೆ ತಿರುಗಿ ಏನೋ ಒರೆಸಿದೆ.

ಅಂದಿನಿಂದ ಸಾಕ್ಷಿಗಳನ್ನು ಕೂಡಿಸುತ್ತಿದ್ದೇನೆ. ಅತ್ತೆ ತಪ್ಪುತ್ತಿದ್ದದ್ದು ಏಳಕ್ಕೆ ಮತ್ತು ಹದಿಮೂರಕ್ಕೆ. ಪಾಠದ ಮೊದಲ ದಿನ ಕಡ್ಡಿ ಇಡದೆ ಹೇಳುವಾಗ ನಾನು ಎಡವಿದ್ದೂ ಅವೇ ಎರಡು ಜಾಗದಲ್ಲಿ. ಮುನ್ನೂರ ನಲವತ್ತು ಎಂದ ತಕ್ಷಣ ಸೀರೆ ಮುಗಿಯಿತು ಎಂದವಳು ಅವಳು. ಆದರೆ ಒಟ್ಟು ಎಷ್ಟೆಂದು ತಿಳಿದಿರುವುದು ಬೇರೆ, ಮಗ್ಗಿ ಬರುವುದು ಬೇರೆ. ಶಾಲೆ ಕಾಣದವಳೆಂದು ಅವಳು ಹೇಳಿದಾಗ ದನಿ ಸಣ್ಣಗಾಗಿತ್ತು. ಅದು ನಟನೆ ಎಂದು ನಂಬಲು ನನಗೆ ಮನಸ್ಸಿಲ್ಲ. ನನ್ನ ನೆನಪು ನನಗೆ ಬೇಕಾದ ಕಡೆಗೇ ವಾಲುತ್ತಿದೆಯೋ ಏನೋ. ಹೇಗಿದ್ದರೂ ಗಂಟೆ ಹೊಡೆದದ್ದು ನಾನೇ, ಅದು ಎಲ್ಲಿಗೂ ಹೋಗುವುದಿಲ್ಲ. ಅದನ್ನು ಯಾರು ಹೊಡೆಸಿದರು ಎಂಬುದಷ್ಟೇ ಈಗ ಗೊತ್ತಾಗಬೇಕು.

ಹೋದ ಭಾನುವಾರ ಕೊಳ್ಳೇಗಾಲಕ್ಕೆ ಹೋಗಿದ್ದೆ. ಅತ್ತೆ ಈಗ ಮೊದಲಿನಷ್ಟು ನೇಯುವುದಿಲ್ಲ, ಆದರೂ ಕೂತಿದ್ದಳು. ನಾನು ಗೋಡೆಗೆ ಒರಗಿ ಅಡ್ಡಡ್ಡಲಾಗಿ ನಡೆದುಹೋಗಿ ಅವಳ ಬಲಗಡೆ, ನನ್ನ ಹಳೆಯ ಜಾಗದಲ್ಲಿ ಕೂತೆ. ಕಡ್ಡಿಗಳನ್ನು ಜೋಡಿಸಿಕೊಟ್ಟೆ. ಒಂಬತ್ತು, ಎಂಟು. ಆಮೇಲೆ ಆ ಹುಡುಗಿಯ ಪ್ರಶ್ನೆಯನ್ನೇ ಕೇಳಿದೆ. ಅವಳು ಲಾಳಿಯನ್ನು ಎಡದಿಂದ ಬಲಕ್ಕೆ ಓಡಿಸಿದಳು, ಉಸಿರು ಒಳಗೆಳೆದುಕೊಂಡಳು. ಲಾಳಿ ವಾಪಸ್ಸು ಬರುವಾಗ ಬಾಯಿಬಿಡುತ್ತಾಳೆಂದು ಕಾದೆ. "ಕಾಪಿ ಆರೋಯ್ತದೆ, ಕುಡಿ," ಎಂದಳು. ಹನೂರಿನ ಬಸ್ಸು ಹತ್ತುವ ಮುಂಚೆ, ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಅದನ್ನೇ ಇನ್ನೊಂದು ಸಲ ಕೇಳಿದೆ:

"ಅತ್ತೆ, ನಿಜ ಏಳು. ಅದಿನೇಳ್ರ ಮಗ್ಗಿ ನಿಂಗೆ ಮೊದ್ಲೇ ಬತ್ತಿತ್ತಾ?"